ಪದ ಪರಿಚಯ: ಟೇಬಲ್ ಮಾಡೆಲ್

ಡೆಸ್ಕ್‌ಟಾಪ್ ತಂತ್ರಾಂಶದ ವಿಂಡೋದಲ್ಲಿ ಅಡ್ಡಸಾಲು, ಕಂಬಸಾಲುಗಳಾಗಿ ಕಾಣುವ ಕೋಷ್ಟಕಕ್ಕೆ ಹಿಂದಿನಿಂದ ಮಾಹಿತಿ ಒದಗಿಸುವ ಭಾಗವನ್ನು ಟೇಬಲ್ ಮಾಡೆಲ್ ಎನ್ನುತ್ತಾರೆ. ಪರದೆಯ ಮೇಲೆ ಕಾಣುವ ಭಾಗಕ್ಕೆ ವ್ಯೂ ಎಂದು ಹೆಸರು. ನಾರ್ವೆಯ ಗಣಕ ವಿಜ್ಞಾನಿ ಟ್ರಿಗ್ವೆ ರೀನ್ಸ್‌ಕೌಗ್ ಅವರು 1979ರ ಸುಮಾರಿಗೆ ಜೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ರೂಪಿಸಿದ, ತಂತ್ರಾಂಶವನ್ನು ಮಾಡೆಲ್-ವ್ಯೂ-ಕಂಟ್ರೋಲರ್ ಎಂಬ ಮೂರು ಭಾಗಗಳಾಗಿ ನೋಡುವ ವಿಭಜನೆಯಿಂದ ಈ ಎರಡು ಪದಗಳು ಬಳಕೆಗೆ ಬಂದವು.

ಡೊಂಬಿವಲಿಯಲ್ಲಿ ನಾವು ಕೆಲವು ಕನ್ನಡಿಗರು ಸೇರಿ ನಡೆಸುವ ಪುಸ್ತಕ ಸಂಗ್ರಹಕ್ಕಾಗಿ ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ, ವಿಂಡೋಗಳನ್ನು ಕಟ್ಟಲು ನೆರವಾಗುವ ಸ್ವಿಂಗ್ ಸಾಧನವನ್ನು ಬಳಸಿ ಒಂದು ಚಿಕ್ಕ ತಂತ್ರಾಂಶ ಬರೆದಾಗ ಈ ಪದದ ಅರ್ಥ ನನಗೆ ನಿಜವಾಗಿ ತಿಳಿಯಿತು. ಸ್ವಿಂಗ್‌ನಲ್ಲಿ ಕೋಷ್ಟಕ ತೋರಿಸುವ ಘಟಕವಾದ ಜೆಟೇಬಲ್ ಪುಸ್ತಕಗಳ ವಿವರವನ್ನು ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಒಟ್ಟು ಅಡ್ಡಸಾಲುಗಳೆಷ್ಟು, ಕಂಬಸಾಲುಗಳೆಷ್ಟು, ಇಂಥ ಸಾಲಿನ ಇಂಥ ಕೋಶದಲ್ಲಿ ಏನಿದೆ ಎಂಬ ಮೂರು ಪ್ರಶ್ನೆಗಳನ್ನು ಅದು ಮಾಡೆಲ್‌ಗೆ ಕೇಳುತ್ತದೆ. ಉತ್ತರ ಬಂದಂತೆ, ಕಣ್ಣಿಗೆ ಕಾಣುವ ಸಾಲುಗಳನ್ನಷ್ಟೇ ಬರೆಯುತ್ತದೆ. ಹೀಗಾಗಿ ಸಾವಿರಾರು ಪುಸ್ತಕಗಳಿದ್ದರೂ ಪರದೆ ತಡವರಿಸುವುದಿಲ್ಲ. ಪ್ರತಿ ಕೋಶಕ್ಕೂ ಬೇರೆ ಘಟಕವಿರುವುದಿಲ್ಲ, ಒಂದೇ ಬಗೆಯ ಕೋಶಗಳಿಗೆಲ್ಲ ರೆಂಡರರ್ ಎಂಬ ಒಂದೇ ಘಟಕವು ರಬ್ಬರ್ ಮೊಹರಿನಂತೆ ಒಂದಾದ ಮೇಲೊಂದು ಕೋಶದಲ್ಲಿ ಅಚ್ಚೊತ್ತುತ್ತ ಹೋಗುತ್ತದೆ. ಮಾಹಿತಿ ಬದಲಾದಾಗ ಅದನ್ನು ಸಾರಿ ಹೇಳುವ ಹೊಣೆ ಮಾಡೆಲ್‌ನದು. ಸಾರದಿದ್ದರೆ ಪರದೆಯಲ್ಲಿ ಹಳೆಯದೇ ಉಳಿದಿರುತ್ತದೆ.

ಮಾಡೆಲ್ ಮತ್ತು ವ್ಯೂ ಬೇರೆ ಬೇರೆ ಎಂಬ ಮಾತಿನ ತೂಕ ತಿಳಿಯುವುದು ಸಾಲುಗಳನ್ನು ಕ್ರಮವಾಗಿ ವಿಂಗಡಿಸುವಾಗ. 2006ರಲ್ಲಿ ಬಂದ ಜಾವಾ 6ರಿಂದೀಚೆಗೆ, ವಿಂಗಡಣೆಯನ್ನು ಒಮ್ಮೆ ಅಳವಡಿಸಿದರೆ, ಕಂಬಸಾಲಿನ ತಲೆಬರಹವನ್ನು ಒತ್ತಿದೊಡನೆ ಸಾಲುಗಳ ಕ್ರಮ ಬದಲಾಗುತ್ತದೆ. ಆದರೆ ಬದಲಾಗುವುದು ವ್ಯೂನ ಕ್ರಮ ಮಾತ್ರ, ಮಾಡೆಲ್‌ನಲ್ಲಿ ಎಲ್ಲವೂ ಇದ್ದಲ್ಲಿಯೇ ಇರುತ್ತದೆ. ಇದನ್ನರಿಯದೆ ನಾನು, ಲೇಖಕರ ಹೆಸರಿನ ಪ್ರಕಾರ ವಿಂಗಡಿಸಿದ ಪಟ್ಟಿಯಲ್ಲಿ ಮೂರನೆಯ ಸಾಲನ್ನು ಆರಿಸಿ ಅಳಿಸಿದಾಗ, ಮಾಡೆಲ್‌ನ ಮೂರನೆಯ ಸಾಲಿನಲ್ಲಿದ್ದ ಬೇರೊಂದು ಪುಸ್ತಕದ ದಾಖಲೆ ಹೋಯಿತು. ಕಾಣುವ ಸಾಲಿನ ಸಂಖ್ಯೆಯನ್ನು ಮಾಡೆಲ್‌ನ ಸಂಖ್ಯೆಗೆ ಪರಿವರ್ತಿಸಲು ಕನ್ವರ್ಟ್‌ರೋಇಂಡೆಕ್ಸ್‌ಟುಮಾಡೆಲ್ ಎಂಬ ವಿಧಾನವಿದೆ. ಅಳಿಸುವ, ತಿದ್ದುವ ಯಾವ ಕೆಲಸಕ್ಕೂ ಮುನ್ನ ಅದನ್ನು ಕರೆಯಲೇಬೇಕು. ಸ್ವಿಂಗ್‌ನಂಥದೇ ಇನ್ನೊಂದು ಸಾಧನವಾದ ಕ್ಯೂಟಿಯಲ್ಲಿ (Qt) ಈ ಪರಿವರ್ತನೆಯನ್ನು ನಡುವೆ ನಿಲ್ಲುವ ಪ್ರಾಕ್ಸಿ ಮಾಡೆಲ್ ಮಾಡಿಕೊಡುತ್ತದೆ.

ಕಂಬಸಾಲಿನಲ್ಲಿ ಇರುವುದು ಸಂಖ್ಯೆಯೋ ಪಠ್ಯವೋ ಎಂಬುದನ್ನೂ ಮಾಡೆಲ್ ತಿಳಿಸಬೇಕು. ತಿಳಿಸದಿದ್ದರೆ ಎಲ್ಲವನ್ನೂ ಪಠ್ಯವೆಂದೇ ಹೋಲಿಸಲಾಗುತ್ತದೆ, ಆಗ ಪುಸ್ತಕದ ಕ್ರಮಸಂಖ್ಯೆ 10 ಎಂಬುದು 9ಕ್ಕಿಂತ ಮೊದಲು ಬಂದು ಕೂರುತ್ತದೆ.

ಕನ್ನಡದ ಪಟ್ಟಿಗೆ ಇನ್ನೂ ಒಂದು ತೊಡಕಿದೆ, ಮತ್ತು ನಮ್ಮವರೇ ಗಮನಿಸದಿದ್ದರೆ ಇದನ್ನು ಬೇರೆ ಯಾರೂ ಗಮನಿಸಲಾರರು. ವರ್ಣಮಾಲೆಯಲ್ಲಿ ಳಕಾರವು ಹಕಾರದ ನಂತರ ಕೊನೆಯಲ್ಲಿ ಬರುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸ್ಥಾನ ಲಕಾರದ ಬೆನ್ನಿಗೇ, ವಕಾರಕ್ಕಿಂತ ಮೊದಲು. ಆದ್ದರಿಂದ ಅಕ್ಷರಗಳ ಸಂಕೇತಸಂಖ್ಯೆಯನ್ನಷ್ಟೇ ನೋಡಿ ವಿಂಗಡಿಸಿದರೆ 'ಕಳಸ' ಎಂಬುದು 'ಕವನ'ಕ್ಕಿಂತ ಮೊದಲು ನಿಲ್ಲುತ್ತದೆ, ನಿಘಂಟು ನೋಡಿ ಬೆಳೆದವರು ಅದನ್ನು 'ಕವನ'ದ ನಂತರ ಹುಡುಕುತ್ತಾರೆ. ಹೋಲಿಕೆಯ ನಿಯಮವನ್ನು ನಾವೇ ಬರೆದು ಆ ಕಂಬಸಾಲಿನ ವಿಂಗಡಣೆಗೆ ಒಪ್ಪಿಸಲು ಸ್ವಿಂಗ್‌ನಲ್ಲಿ ಅವಕಾಶವಿದೆ. ಅದಕ್ಕಾಗಿ ಮಾಡೆಲ್‌ನಲ್ಲಿರುವ ಒಂದು ಅಕ್ಷರವನ್ನೂ ಮುಟ್ಟಬೇಕಾಗಿಲ್ಲ.