ಯುದ್ಧಕ್ಕೆ ಮುಂಚಿನ ಜಪಾನ್: ಈ ಹಳಹಳಿ ಯಾವ ಕಾಲದ್ದು, ಯಾರ ಮನೆಯದ್ದು?

ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋದವರಿಗೆ ಆ ವೇಷ ಗೊತ್ತಿರುತ್ತದೆ. ಮೇಲೆ ಕಿಮೋನೊ, ಸೊಂಟದಿಂದ ಕೆಳಗೆ ನೆರಿಗೆಯ ಹಕಾಮಾ, ಕಾಲಿಗೆ ಚರ್ಮದ ಬೂಟು. ಅದು ಜಪಾನಿನ ತೈಶೋ ಕಾಲದ, ಅಂದರೆ 1912ರಿಂದ 1926ರವರೆಗಿನ, ವಿದ್ಯಾರ್ಥಿನಿಯ ಉಡುಗೆ. ಅನಿಮೆ, ಅಂದರೆ ಜಪಾನಿ ಕಾರ್ಟೂನ್‌ಗಳ ಪುಣ್ಯದಿಂದ ಆ ಕಾಲದ ಬಗ್ಗೆ ನಮ್ಮ ಹುಡುಗರಿಗೂ ಒಂಥರಾ ಮೋಹ ಬಂದಿದೆ. ಜಪಾನಿನಲ್ಲಂತೂ ಈ ಮೋಹಕ್ಕೆ ಐವತ್ತು ವರ್ಷ ಆಗಿದೆ, ಜೊತೆಗೆ ಅದರ ಮೇಲೆ ಜಗಳವೂ ನಡೆದಿದೆ.

ಜಗಳ ಬಿಡಿಸೋದು ಕಷ್ಟ. ಯಾಕೆಂದರೆ 'ಎರಡನೇ ಮಹಾಯುದ್ಧಕ್ಕೆ ಮುಂಚೆ ಚೆನ್ನಾಗಿತ್ತು' ಅನ್ನುವ ಎಲ್ಲರ ಮನಸ್ಸಿನಲ್ಲಿ ಇರುವುದು ಒಂದೇ ಕಾಲವಲ್ಲ. ಒಬ್ಬರಿಗೆ ಬೇಕಾದ್ದು ಟೋಕಿಯೊದ ಗಿಂಜಾ ಬೀದಿಯ ಕಾಫಿ ಅಂಗಡಿ. ಇನ್ನೊಬ್ಬರಿಗೆ ಅಪ್ಪನ ಮಾತಿಗೆ ಎದುರಾಡದ ಮಕ್ಕಳು. ಮತ್ತೊಬ್ಬರಿಗೆ ಹುಲ್ಲು ಹೊದಿಸಿದ ಮನೆಗಳ ಹಳ್ಳಿ. ಮೂವರೂ ಬೇರೆ ಬೇರೆ ಜಪಾನಿನ ಮಾತಾಡುತ್ತಿದ್ದಾರೆ.

ಮೊದಲ ಐವತ್ತು ವರ್ಷವನ್ನ ಬೇಗ ದಾಟಿಬಿಡೋಣ. 1868ರಲ್ಲಿ ಮೇಜಿ ಆಡಳಿತ ಶುರುವಾಯಿತು, ಸಮುರಾಯ್‌ಗಳು ಹೋಗಿ ರೈಲು, ಶಾಲೆ, ಕಾರ್ಖಾನೆ, ಕಡ್ಡಾಯ ಸೇನಾ ಸೇವೆ ಬಂದವು, ಚೀನಾ ಮೇಲೂ ರಷ್ಯಾ ಮೇಲೂ ಯುದ್ಧ ಗೆದ್ದರು, ತೈವಾನ್, ಕೊರಿಯಾ ಎರಡನ್ನೂ ನುಂಗಿದರು. ನಮಗೆ ಬೇಕಾದ ಕಥೆ ಶುರುವಾಗೋದು ಒಂದು ಭೂಕಂಪದಿಂದ.

1923ರ ಸೆಪ್ಟೆಂಬರ್ 1, ಮಧ್ಯಾಹ್ನ 11 ಗಂಟೆ 58 ನಿಮಿಷ. ಟೋಕಿಯೊ, ಯೊಕೊಹಾಮಾ ಮನೆಗಳಲ್ಲಿ ಅಡುಗೆಗೆ ಒಲೆ ಹಚ್ಚಿದ್ದ ಹೊತ್ತು. ಮರದ ಮನೆಗಳು ಬಿದ್ದವು, ಬೆಂಕಿ ಹತ್ತಿತು, ಒಂದು ಲಕ್ಷಕ್ಕೂ ಜಾಸ್ತಿ ಜನ ಸತ್ತರು. ಆ ಗದ್ದಲದಲ್ಲೇ ಕೊರಿಯನ್ನರು ಬಾವಿಗೆ ವಿಷ ಹಾಕಿದ್ದಾರೆ ಅಂತ ಗಾಳಿಸುದ್ದಿ ಹಬ್ಬಿತು. ಬೀದಿ ಬೀದಿಯಲ್ಲಿ ಕಾವಲು ಗುಂಪುಗಳು ಎದ್ದವು, ಸಾವಿರಾರು ಕೊರಿಯನ್ನರ ಕೊಲೆಯಾಯಿತು. ಈಗಿನ ಹಳಹಳಿಕೆಯಲ್ಲಿ ಬರುವ ಟೋಕಿಯೊ ಈ ಬೂದಿಯ ಮೇಲೆ ಎದ್ದ ಊರು. ಪೋಸ್ಟ್‌ಕಾರ್ಡುಗಳಲ್ಲಿ ಇದು ಕಾಣುವುದಿಲ್ಲ, ಅಷ್ಟೆ.

ಆದರೆ ಎದ್ದ ಊರು ನಿಜಕ್ಕೂ ಸೊಗಸಾಗಿತ್ತು, ಅದನ್ನ ಒಪ್ಪಿಕೊಳ್ಳಬೇಕು. 1925ರಲ್ಲಿ ರೇಡಿಯೊ ಪ್ರಸಾರ ಶುರುವಾಯಿತು. 1927ರ ಕೊನೆಗೆ ಅಸಾಕುಸಾದಿಂದ ಉಯೆನೊಗೆ ನೆಲದಡಿ ರೈಲು ಓಡಿತು. ಬರೀ 2.2 ಕಿಲೋಮೀಟರ್, ಟಿಕೆಟ್ 10 ಸೆನ್ (ನೂರು ಸೆನ್ ಅಂದರೆ ಒಂದು ಯೆನ್), ಆದರೂ ಏಷ್ಯಾದ ಮೊದಲ ಮೆಟ್ರೊ. ಊರೊಳಗೆ ಎಲ್ಲಿಗಾದರೂ ಒಂದು ಯೆನ್ನಿಗೆ ಕರೆದೊಯ್ಯುವ ಟ್ಯಾಕ್ಸಿಗಳು ಬಂದವು. ಒಂದು ಸಂಪುಟಕ್ಕೆ ಒಂದು ಯೆನ್ನಿನ ಪುಸ್ತಕ ಮಾಲೆಗಳು ಬಂದು, ಗುಮಾಸ್ತನ ಮನೆಯಲ್ಲೂ ಕಪಾಟು ತುಂಬಿತು. ಹುಡುಗಿಯರು ಜಡೆ ಕತ್ತರಿಸಿ, ಫ್ರಾಕು ಹಾಕಿ ಗಿಂಜಾದಲ್ಲಿ ಸುಮ್ನೆ ಅಡ್ಡಾಡಿದರು, ಪತ್ರಿಕೆಗಳು ಅದನ್ನೇ ಬರೆದು ಬರೆದು ಹಾಕಿದವು. 1930ರಲ್ಲಿ ಮಿತ್ಸುಕೋಶಿ ಮಳಿಗೆಯ ಹೋಟೆಲಿನಲ್ಲಿ ಮಕ್ಕಳ ಊಟ ಅಂತ ಒಂದು ತಟ್ಟೆ ಶುರುವಾಯಿತು. ಅನ್ನದ ಪುಟ್ಟ ಗುಡ್ಡ, ಅದರ ತುದಿಗೆ ಒಂದು ಬಾವುಟ. ಇವತ್ತಿಗೂ ಜಪಾನಿನ ಹೋಟೆಲುಗಳಲ್ಲಿ ಅದು ಹಾಗೇ ಬರುತ್ತದೆ.

ಈ ಚಿತ್ರದಲ್ಲಿ ನಮ್ಮವರೊಬ್ಬರೂ ಇದ್ದಾರೆ. 1912ರಲ್ಲಿ ದಿಲ್ಲಿಯಲ್ಲಿ ವೈಸ್‌ರಾಯ್ ಮೇಲೆ ಬಾಂಬ್ ಎಸೆದ ಪ್ರಕರಣದಲ್ಲಿ ಬ್ರಿಟಿಷರು ಹುಡುಕುತ್ತಿದ್ದ ರಾಸ್ ಬಿಹಾರಿ ಬೋಸ್, 1915ರಲ್ಲಿ ಜಪಾನಿಗೆ ತಪ್ಪಿಸಿಕೊಂಡು ಹೋದರು. ಅವರಿಗೆ ಆಸರೆ ಕೊಟ್ಟದ್ದು ಶಿಂಜುಕುವಿನ ನಕಾಮುರಾಯಾ ಬೇಕರಿಯ ಸೋಮಾ ಕುಟುಂಬ. ಆ ಮನೆಯ ಮಗಳನ್ನೇ ಮದುವೆಯಾದರು. 1927ರಲ್ಲಿ ನಕಾಮುರಾಯಾ ಬೋಸರ ಅಡುಗೆಯ ಭಾರತೀಯ ಕರಿಯನ್ನ ಮಾರತೊಡಗಿತು, ತಟ್ಟೆಗೆ 80 ಸೆನ್. ಬೇರೆ ಕಡೆ ಹತ್ತು ಹನ್ನೆರಡು ಸೆನ್ನಿಗೆ ಬ್ರಿಟಿಷ್ ಶೈಲಿಯ, ಮೈದಾ ಕಲಸಿದ ಕರಿ ಸಿಗುತ್ತಿತ್ತು. ದುಬಾರಿಯಾದರೂ ಜನ ಬಂದು ತಿಂದರು.

ಈಗ ಅದೇ ಕಾಲದ ಒಂದು ಮನೆಯ ಹಿತ್ತಲಿಗೆ ಬನ್ನಿ. ಕಿಮೋನೊ ಒಗೆಯೋದು ಹೇಗಿತ್ತು ಗೊತ್ತಾ? ಸೀರೆಯಂತೆ ನೆನೆಸಿ ಹಿಂಡಿ ಹರವಿದರೆ ಆಗುತ್ತಿರಲಿಲ್ಲ. ಒಳ್ಳೆಯ ಕಿಮೋನೊ ಆದರೆ ಮೊದಲು ಹೊಲಿಗೆಯನ್ನೆಲ್ಲ ಬಿಚ್ಚಬೇಕು. ತೋಳು, ಮೈ, ಕಾಲರು ಎಲ್ಲ ಬಿಡಿ ತುಂಡುಗಳಾದ ಮೇಲೆ ಒಂದೊಂದಾಗಿ ಒಗೆಯಬೇಕು. ಗಂಜಿ ಹಾಕಿ, ಉದ್ದ ಹಲಗೆಯ ಮೇಲೆ ಸುಕ್ಕಿಲ್ಲದ ಹಾಗೆ ಅಂಟಿಸಿ ಬಿಸಿಲಿಗೆ ಇಡಬೇಕು. ರೇಷ್ಮೆಯಾದರೆ ಬಿದಿರ ಕಡ್ಡಿ ಸಿಕ್ಕಿಸಿ ಎಳೆದು ಕಟ್ಟಬೇಕು. ಒಣಗಿದ ಮೇಲೆ ಮತ್ತೆ ಕೂತು ಪೂರ್ತಿ ಕಿಮೋನೊ ಹೊಲಿಯಬೇಕು. ಋತು ಬದಲಾದಾಗಲೆಲ್ಲ ಮನೆಮಂದಿಯ ಬಟ್ಟೆಗೆಲ್ಲ ಇದೇ ಕೆಲಸ. ಇದರ ಜೊತೆಗೆ ನಸುಕಿನಲ್ಲೇ ಎದ್ದು ಸೌದೆ ಒಲೆಯಲ್ಲಿ ಅನ್ನ ಮಾಡೋದು, ಇದ್ದಿಲ ಕುಂಡಕ್ಕೆ ಕೆಂಡ ಹಾಕೋದು ಎಲ್ಲ ಇತ್ತು.

ತಿಂಗಳಿಗೆ ನೂರು ಯೆನ್ ಸಂಬಳದ ಮನೆಯೊಡತಿ ಇದನ್ನೆಲ್ಲ ಒಬ್ಬಳೇ ಮಾಡುತ್ತಿರಲಿಲ್ಲ. ಮನೆಯಲ್ಲಿ ಕೆಲಸದ ಹುಡುಗಿ ಇರುತ್ತಿದ್ದಳು. 1930ರ ಜನಗಣತಿಯ ಹೊತ್ತಿಗೆ ಇಂಥ ಹೆಂಗಸರು ಸುಮಾರು 7 ಲಕ್ಷ ಇದ್ದರು. ಪ್ರೈಮರಿ ಶಾಲೆ ಮುಗಿಸಿ ಹಳ್ಳಿಯಿಂದ ಬಂದವರೇ ಜಾಸ್ತಿ. ಆ ಕಾಲದ ಸಂಜೆಗಳು ಎಷ್ಟು ನೆಮ್ಮದಿಯಾಗಿದ್ದವು ಅಂತ ಆಮೇಲೆ ಬರೆದವರು ಹೆಚ್ಚಾಗಿ ಆ ಮನೆಯ ಮಕ್ಕಳು. ಅವರು ಸುಳ್ಳು ಹೇಳಿದರು ಅಂತಲ್ಲ. ಅವರಿಗೆ ಅಷ್ಟೇ ಕಾಣುತ್ತಿತ್ತು.

ಆ ಹುಡುಗಿಯರು ಊರು ಬಿಟ್ಟು ಬಂದದ್ದು ಯಾಕೆ? ಇದಕ್ಕೆ ರೇಷ್ಮೆಯ ಕಥೆ ಹೇಳಬೇಕು, ಅದು ನಮಗೂ ಸ್ವಲ್ಪ ತಾಗುತ್ತದೆ. 1920ರ ದಶಕದಲ್ಲಿ ಜಪಾನಿನ ರೈತ ಮನೆಗಳಲ್ಲಿ ಸುಮಾರು ಐದಕ್ಕೆ ಎರಡು ಮನೆಯವರು ರೇಷ್ಮೆ ಹುಳು ಸಾಕುತ್ತಿದ್ದರು. ನೂಲು ಅಮೆರಿಕಕ್ಕೆ ಹೋಗಿ ಹೆಂಗಸರ ಕಾಲುಚೀಲವಾಗುತ್ತಿತ್ತು. 1929ರಲ್ಲಿ ಅಮೆರಿಕದ ಷೇರುಪೇಟೆ ಕುಸಿಯಿತು, ಮರುವರ್ಷ ರೇಷ್ಮೆ ಬೆಲೆ ನೆಲ ಕಚ್ಚಿತು. ಮಾಲು ಎಲ್ಲಿಗಾದರೂ ಹೋಗಲೇಬೇಕಲ್ಲ? ಚೀನಾ, ಜಪಾನಿನ ಅಗ್ಗದ ರೇಷ್ಮೆ ಭಾರತಕ್ಕೂ ನುಗ್ಗಿ, ಮೈಸೂರು ಸೀಮೆಯ ಬೆಳೆಗಾರರಿಗೂ ಪೆಟ್ಟು ಬಿತ್ತು. ಹುಳು ಸಾಕಣೆ, ನೂಲು ತೆಗೆಯುವ ಪಾಠ ಹೇಳಲು ಜಮ್ಶೆಟ್‌ಜಿ ಟಾಟಾ ಜಪಾನಿಯರನ್ನ ಬೆಂಗಳೂರಿಗೆ ಕರೆಸಿ ಆಗ ಹೆಚ್ಚುಕಮ್ಮಿ ಮೂರು ದಶಕ ಆಗಿತ್ತು. ಆ ತೋಟದ ಹೆಸರು ಬಸವನಗುಡಿ ಪಕ್ಕದ ಟಾಟಾ ಸಿಲ್ಕ್ ಫಾರಂ ಬಡಾವಣೆಯಲ್ಲಿ ಉಳಿದಿದೆ.

ಜಪಾನಿನ ಈಶಾನ್ಯದ ತೊಹೊಕು ಸೀಮೆಗೆ ಇದರ ಮೇಲೆ ಚಳಿಯ ಹೊಡೆತವೂ ಬಿತ್ತು. 1931ರಲ್ಲಿ ಬೆಳೆ ಹೋಯಿತು, 1934ರಲ್ಲಿ ಇನ್ನೂ ಜೋರಾಗಿ ಹೋಯಿತು. ಆ ದಿನಗಳ ಒಂದು ಫೋಟೋ ಇದೆ. ಯಾಮಾಗಾತಾ ಪ್ರಾಂತ್ಯದ ಒಂದು ಹಳ್ಳಿಯ ಸಲಹಾ ಕೇಂದ್ರದ ಫಲಕ. ಮಗಳನ್ನ ಮಾರುವ ಪರಿಸ್ಥಿತಿ ಬಂದರೆ ಮೊದಲು ಇಲ್ಲಿಗೆ ಬನ್ನಿ ಅಂತ ಅದರಲ್ಲಿ ಬರೆದಿದೆ. ಮಾರಬೇಡಿ ಅಂತ ಗದರಿಸಿಲ್ಲ. ಬನ್ನಿ, ಮಾತಾಡೋಣ ಅಂತ ಇದೆ. ಬಯ್ದರೆ ನಿಲ್ಲುವ ಸಂಗತಿ ಅಲ್ಲ ಅಂತ ಕಚೇರಿಯವರಿಗೇ ಗೊತ್ತಿತ್ತು ಅಂತ ಕಾಣುತ್ತದೆ. ಗಿಂಜಾದ ನಿಯಾನ್ ದೀಪಗಳು ಉರಿಯುತ್ತಿದ್ದದ್ದೂ ಇದೇ ವರ್ಷಗಳಲ್ಲಿ.

ಇನ್ನೆರಡು ಲೆಕ್ಕ ಹೇಳಿ ಮುಂದೆ ಹೋಗುತ್ತೇನೆ. 1935ರ ಹೊತ್ತಿಗೆ ಜಪಾನಿನಲ್ಲಿ ಗಂಡಸರ ಸರಾಸರಿ ಆಯಸ್ಸು 47 ವರ್ಷ, ಹೆಂಗಸರದ್ದು 50ರ ಒಳಗೆ. ಜನರನ್ನ ಎಲ್ಲಕ್ಕಿಂತ ಜಾಸ್ತಿ ಕೊಲ್ಲುತ್ತಿದ್ದದ್ದು ಕ್ಷಯ.

ಯುದ್ಧ ಒಂದು ದಿನ ಬಾಗಿಲು ತಟ್ಟಿ ಬಂದದ್ದಲ್ಲ. 1931ರಲ್ಲಿ ಚೀನಾದ ಈಶಾನ್ಯದ ಮಂಚೂರಿಯಾ ಮೇಲೆ ದಾಳಿ, 1937ರಲ್ಲಿ ಪೂರ್ತಿ ಚೀನಾ ಯುದ್ಧ. ಆದರೂ ಮಳಿಗೆಗಳಲ್ಲಿ ಸೇಲು ನಡೆಯುತ್ತಿತ್ತು, ಸಿನಿಮಾ ತುಂಬುತ್ತಿತ್ತು. 1940ರ ಒಲಿಂಪಿಕ್ಸ್ ಟೋಕಿಯೊಗೆ ಸಿಕ್ಕಿತ್ತು. 1938ರಲ್ಲಿ ಅದನ್ನ ವಾಪಸ್ ಕೊಟ್ಟರು, ಅದೇ ವರ್ಷಕ್ಕೆ ಯೋಜಿಸಿದ್ದ ವಿಶ್ವ ಮೇಳವನ್ನೂ ಮುಂದಕ್ಕೆ ಹಾಕಿದರು. ಮೇಳದ ಟಿಕೆಟ್ ಆಗಲೇ ಮಾರಾಟವಾಗಿತ್ತು. ತಮಾಷೆ ಅಂದರೆ ಅದನ್ನ ಜೋಪಾನ ಮಾಡಿದ್ದವರನ್ನ 1970ರ ಒಸಾಕಾ ಮೇಳಕ್ಕೂ, 2005ರ ಐಚಿ ಮೇಳಕ್ಕೂ ಒಳಗೆ ಬಿಟ್ಟರು.

1939ರಲ್ಲಿ ಹೆಂಗಸರು ಕೂದಲು ಗುಂಗುರು ಮಾಡಿಸುವುದಕ್ಕೆ ಆಕ್ಷೇಪ ಬಂತು. 1940ರ ಅಕ್ಟೋಬರ್ ಕೊನೆಗೆ ಡ್ಯಾನ್ಸ್ ಹಾಲುಗಳು ಮುಚ್ಚಿದವು, ಕೇರಿ ಕೇರಿಗೂ ನೆರೆಹೊರೆ ಸಂಘ ಬಂತು. ಅದು ಸಾಮಾನು ಹಂಚುತ್ತಿತ್ತು, ಯಾರ ಮನೆಯಲ್ಲಿ ಏನು ಮಾತು ಅಂತ ಕಿವಿಯೂ ಕೊಡುತ್ತಿತ್ತು. ರೇಡಿಯೊ ಇದ್ದ ಮನೆಗಳು ಆ ವರ್ಷ 50 ಲಕ್ಷ ಮುಟ್ಟಿದವು. ಸುದ್ದಿ ಕೇಳುವ ಆಸೆಯೇ ಅದಕ್ಕೆ ದೊಡ್ಡ ಕಾರಣ, ಮಗನೋ ತಮ್ಮನೋ ಚೀನಾದಲ್ಲಿ ಇದ್ದನಲ್ಲ. 1941ರ ಏಪ್ರಿಲ್‌ನಲ್ಲಿ ದೊಡ್ಡ ಊರುಗಳಲ್ಲಿ ಅಕ್ಕಿಗೆ ರೇಷನ್ ಬಂತು, ದಿನಕ್ಕೆ ತಲೆಗೆ 330 ಗ್ರಾಂ. 1945ರ ಮಾರ್ಚ್ 9-10ರ ನಡುರಾತ್ರಿ ಅಮೆರಿಕದ ಬಾಂಬುಗಳು ಟೋಕಿಯೊದ ಪೂರ್ವ ಭಾಗವನ್ನ ಸುಟ್ಟವು. ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ.

ಯುದ್ಧ ಮುಗಿದ ಹೊಸದರಲ್ಲಿ ಹಳೆಯ ದಿನಗಳನ್ನ ಯಾರೂ ಅಷ್ಟಾಗಿ ಹೊಗಳಲಿಲ್ಲ. ಮೂವತ್ತರ ದಶಕವನ್ನ ಕತ್ತಲೆಯ ಕಣಿವೆ ಅಂತ ಕರೆಯೋದು ರೂಢಿಯಾಗಿತ್ತು. ಗಾಳಿ ತಿರುಗಿದ್ದು 1970ರ ಸುಮಾರಿಗೆ, ಹೊಟ್ಟೆ ತುಂಬಿದ ಮೇಲೆ. ಸರ್ಕಾರಿ ರೈಲ್ವೆ 'ಡಿಸ್ಕವರ್ ಜಪಾನ್' ಅನ್ನುವ ಜಾಹೀರಾತಿನಿಂದ ಪಟ್ಟಣದವರನ್ನ ಹಳ್ಳಿಗಳಿಗೆ ಕರೆಯಿತು. ಹುಡುಗಿಯರ ಕಾಮಿಕ್ಸ್‌ನಲ್ಲಿ ತೈಶೋ ಕಾಲದ ನಾಯಕಿ ಬೂಟು ಹಾಕಿ ಸೈಕಲ್ ಹೊಡೆದಳು. 1980ರ ದಶಕದಲ್ಲಿ ಗಿಫು ಪ್ರಾಂತ್ಯದ ಅಕೆಚಿ ಅನ್ನುವ ಪುಟ್ಟ ಊರು ತನ್ನನ್ನೇ ತೈಶೋ ಹಳ್ಳಿ ಅಂತ ಮಾಡಿಕೊಂಡು ಪ್ರವಾಸಿಗರನ್ನ ಸೆಳೆಯಿತು.

1990ರ ದಶಕದಲ್ಲಿ ಆರ್ಥಿಕತೆಯ ಗುಳ್ಳೆ ಒಡೆದ ಮೇಲೆ ಇನ್ನೊಂದು ಹಳಹಳಿ ಬಂತು, ಇಲ್ಲೇ ಎಲ್ಲ ಗೋಜಲಾದದ್ದು. ಇದರ ಕಾಲ 1955ರ ಆಚೀಚೆ, ಅಂದರೆ ಯುದ್ಧದ ನಂತರದ್ದು. ಯೊಕೊಹಾಮಾದ ರಾಮೆನ್ (ನೂಡಲ್ಸ್ ಸೂಪು) ಮ್ಯೂಸಿಯಂನಲ್ಲಿ ಕಟ್ಟಿರುವ ಬೀದಿ 1958ರದ್ದು. ಆದರೆ ನೋಡುವವರಿಗೆ ಎಲ್ಲವೂ ಒಂದೇ 'ಹಳೇ ಕಾಲ'. ಹಾಗಾಗಿ ಎರಡೂ ಬೆರೆತುಹೋದವು. ಆ ಗುಂಡು ಮೇಜನ್ನೇ ನೋಡಿ. ಚಾಬುದಾಯ್ ಅಂತಾರೆ, ಕಾಲು ಮಡಚುವ ಗಿಡ್ಡ ಮೇಜು, ಸುತ್ತ ಇಡೀ ಮನೆ ಕೂತು ಊಟ. ಇದೇ ಅನಾದಿ ಕಾಲದ ಜಪಾನಿ ಸಂಸಾರ ಅಂತ ತೋರಿಸುತ್ತಾರೆ. ನಿಜ ಅಂದರೆ ಅದು ಮನೆಮನೆಗೆ ಹಬ್ಬಿದ್ದು ಇಪ್ಪತ್ತನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಊಟದ ಪೆಟ್ಟಿಗೆ, ಅವರವರ ಪಾಡಿಗೆ ಅವರವರ ಊಟ.

ಕೂಡು ಕುಟುಂಬದ ಕಥೆಯೂ ಅಷ್ಟೆ. ತೊದಾ ತೇಯಿಜೊ ಅನ್ನುವ ಸಮಾಜಶಾಸ್ತ್ರಜ್ಞರು 1920ರ ಮೊದಲ ಜನಗಣತಿಯ ಕಾಗದಗಳನ್ನ ಕೂತು ನೋಡಿದರು. ಅರ್ಧಕ್ಕೂ ಜಾಸ್ತಿ ಮನೆಗಳಲ್ಲಿ ಇದ್ದದ್ದು ಗಂಡ, ಹೆಂಡತಿ, ಮಕ್ಕಳು ಮಾತ್ರ. ಮುಪ್ಪಿನವರು ತೀರಿಕೊಳ್ಳುತ್ತಿದ್ದರು, ಕಿರಿಯ ಮಕ್ಕಳು ಬೇರೆ ಊರಿಗೆ ಹೋಗುತ್ತಿದ್ದರು. ಮದುವೆ ಗಟ್ಟಿಯಾಗಿತ್ತು ಅನ್ನುವುದಕ್ಕೂ ಆಧಾರ ಕಮ್ಮಿ. 1883ರಲ್ಲಿ ಜಪಾನಿನ ವಿಚ್ಛೇದನದ ಪ್ರಮಾಣ ಸಾವಿರ ಜನಕ್ಕೆ 3ಕ್ಕಿಂತ ಮೇಲಿತ್ತು, ಈಗಿನದಕ್ಕೆ ಎರಡು ಪಟ್ಟು. 1898ರ ನಾಗರಿಕ ಕಾನೂನು ಬಂದು ಮನೆಯ ಯಜಮಾನನ ಕೈಗೆ ಮದುವೆಯ ಒಪ್ಪಿಗೆ ಕೊಟ್ಟಿತು, ಆಸ್ತಿ ಹಿರಿಮಗನಿಗೆ ಹೋಯಿತು. ವಿಚ್ಛೇದನ ಇಳಿಯಿತು. ಸಂಸಾರಗಳಲ್ಲಿ ಸುಖ ಹೆಚ್ಚಿತೋ ಇಲ್ಲವೋ, ಅದನ್ನ ಹೇಳುವ ಅಂಕಿ ಇಲ್ಲ.

ಇದೆಲ್ಲ ಸುಮ್ನೆ ನೆನಪಿನ ವಿಷಯವಾಗಿ ಉಳಿದಿದ್ದರೆ ಜಗಳ ಇರುತ್ತಿರಲಿಲ್ಲ. ಆದರೆ ಹಳೆಯ ಶಿಸ್ತು ಮತ್ತೆ ಶಾಲೆಗೆ ಬರಬೇಕು ಅನ್ನುವ ಬೇಡಿಕೆ ಆಗಾಗ ಏಳುತ್ತದೆ. 1890ರ ಚಕ್ರವರ್ತಿಯ ಶಿಕ್ಷಣ ಆಜ್ಞೆಯನ್ನ ಯುದ್ಧಕ್ಕೆ ಮುಂಚೆ ಮಕ್ಕಳು ಬಾಯಿಪಾಠ ಮಾಡಬೇಕಿತ್ತು. ತಂದೆತಾಯಿಗೆ ಗೌರವ ಕೊಡಿ ಅನ್ನುತ್ತದೆ, ಆಪತ್ತು ಬಂದರೆ ಸಿಂಹಾಸನಕ್ಕಾಗಿ ಮುಂದೆ ಬನ್ನಿ ಅಂತಲೂ ಅನ್ನುತ್ತದೆ. 1948ರಲ್ಲಿ ಸಂಸತ್ತು ಅದನ್ನ ತಳ್ಳಿಹಾಕಿತು. 2017ರಲ್ಲಿ, ಸಂವಿಧಾನಕ್ಕೆ ವಿರುದ್ಧವಾಗದ ರೀತಿಯಲ್ಲಿ ಅದನ್ನ ಪಾಠಕ್ಕೆ ಬಳಸುವುದನ್ನ ಅಲ್ಲಗಳೆಯಲಾಗದು ಅಂತ ಸರ್ಕಾರ ಹೇಳಿತು, ದೊಡ್ಡ ಗಲಾಟೆಯಾಯಿತು. ಒಳ್ಳೆಯ ಸಾಲುಗಳನ್ನ ಮಾತ್ರ ಓದಿದರೆ ಆಗದೇ? ಅನ್ನುವವರು ಒಂದು ಕಡೆ. ಆ ಸಾಲುಗಳೆಲ್ಲ ಯಾವ ಕೊನೆಗೆ ಹೋಗಿ ಸೇರುತ್ತಿದ್ದವು ನೋಡಿ ಅನ್ನುವವರು ಇನ್ನೊಂದು ಕಡೆ. ನನಗೆ ಎರಡನೆಯವರ ಮಾತೇ ಹೆಚ್ಚು ಸರಿ ಅನ್ನಿಸುತ್ತದೆ.

1937ರಲ್ಲಿ ಹತ್ತು ವರ್ಷವಾಗಿದ್ದವರಿಗೆ ಈಗ ನೂರರ ಹತ್ತಿರ. ಇನ್ನು ವಾದ ಮಾಡುವವರಲ್ಲಿ ಆ ಕಾಲ ಕಂಡವರು ಇರುವುದಿಲ್ಲ. ಉಳಿಯೋದು ಕಾಗದ, ಫೋಟೋ, ಕಟ್ಟಡ. ಕಟ್ಟಡಗಳೂ ಕಮ್ಮಿಯಾಗುತ್ತಿವೆ. ಭೂಕಂಪದ ನಂತರ ದೋಜುನ್‌ಕಾಯ್ ಸಂಸ್ಥೆ ಕಟ್ಟಿದ್ದ ಕಾಂಕ್ರೀಟ್ ಅಪಾರ್ಟ್‌ಮೆಂಟುಗಳಲ್ಲಿ ಕೊನೆಯದನ್ನ 2013ರಲ್ಲಿ ಕೆಡವಿದರು.

ಟೋಕಿಯೊಗೆ ಹೋಗುವ ಕನ್ನಡಿಗರು ಈಗ ಜಾಸ್ತಿ. ಸಮಯ ಇದ್ದರೆ ಮುಸಾಶಿ-ಕೊಗಾನೆಯಿ ಸ್ಟೇಷನ್ನಿನಲ್ಲಿ ಇಳಿದು, ಕೊಗಾನೆಯಿ ಪಾರ್ಕಿನೊಳಗಿನ ಬಯಲು ವಾಸ್ತುಶಿಲ್ಪ ಮ್ಯೂಸಿಯಂ ನೋಡಿ. ಸೋಮವಾರ ರಜೆ. 1929ರ ಸಾರ್ವಜನಿಕ ಸ್ನಾನದ ಮನೆಯ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಅಲ್ಲೇ ಹಣಕಾಸು ಮಂತ್ರಿ ತಾಕಾಹಾಶಿ ಕೊರೆಕಿಯೊ ಅವರ ಮನೆಯನ್ನೂ ತಂದು ನಿಲ್ಲಿಸಿದ್ದಾರೆ. ಸೇನೆಯ ಖರ್ಚಿಗೆ ಕಡಿವಾಣ ಹಾಕಲು ಹೊರಟಿದ್ದವರು. 1936ರ ಫೆಬ್ರವರಿ 26ರಂದು ದಂಗೆ ಎದ್ದ ಸೈನಿಕರು ಅವರನ್ನ ಕೊಂದದ್ದು ಅದೇ ಮನೆಯ ಮಹಡಿಯಲ್ಲಿ. ತೋಟ ನೋಡಿ ಹೊರಟುಬಿಡಬೇಡಿ, ಮೇಲಕ್ಕೂ ಹತ್ತಿ ಬನ್ನಿ.