ಬೇಟೆನಾಯಿಯನ್ನು ಆಯುವ ಕಣ್ಣು

ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ ನಡೆಯಿತು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಪರವಾಗಿ ಕಾದಿದ ಗಂಗರ ಇಮ್ಮಡಿ ಬೂತುಗ, ತನ್ನ ಭಟ ಮಣಲೆರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದ್ದನ್ನು ಬೇಡಿಕೊಳ್ಳೆಂದು ಹೇಳಿದ. ಮಣಲೆರನಿಗೆ ಊರಿನ ದತ್ತಿಯೂ ದೊರೆಯಿತು, ಆದರೆ ಅವನು ಬಾಯಿಬಿಟ್ಟು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರ ಅದಕ್ಕಾಗಿ ಕಲ್ಲು ನಿಲ್ಲಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟ. ಪೂಜೆ ಮಾಡದೆ ಉಣ್ಣುವ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆಯನ್ನೂ ಬರೆಸಿದ. ಮಂಡ್ಯ ಜಿಲ್ಲೆಯ ಆತಕೂರಿನ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುತ್ತಲೂ ಹಳಗನ್ನಡದ ಅಕ್ಷರಗಳು ಒತ್ತೊತ್ತಾಗಿ ತುಂಬಿವೆ, ನಡುವೆ ಹಂದಿಯೊಡನೆ ಸೆಣಸುತ್ತಿರುವ ನಾಯಿಯ ಉಬ್ಬುಚಿತ್ರವಿದೆ.

ಆ ಕಲ್ಲಿನ ಮುಂದೆ ನಿಂತವರಿಗೆ ಒಂದು ಪ್ರಶ್ನೆ ಏಳದೆ ಇರದು. ಒಡೆಯನ ಬಳಿ ಏನು ಬೇಕಾದರೂ ಕೇಳಬಹುದಾಗಿದ್ದ ಯೋಧನಿಗೆ ಕಾಳಿಯಲ್ಲಿ ಕಂಡದ್ದೇನು? ಶಾಸನ ಅದರ ಎತ್ತರ, ಬಣ್ಣ, ತಳಿ ಯಾವುದನ್ನೂ ವರ್ಣಿಸುವುದಿಲ್ಲ, ಅದು ಏನು ಮಾಡಿತು ಎಂಬುದನ್ನಷ್ಟೇ ಹೇಳುತ್ತದೆ. ಬೇಟೆನಾಯಿ ಸಾಕಿದವರ ಮಾತು ಕೇಳಿದರೂ ಇದೇ ಅನುಭವ. ಮರಿ ಕೊಳ್ಳುವ ದಿನ ಮೂತಿ, ಎದೆ, ಕಾಲು, ಬಾಲ ಎಂದು ಅಂಗಾಂಗವನ್ನು ಅಳೆದವನು, ಹತ್ತು ವರ್ಷ ಕಳೆದು ಅದೇ ನಾಯಿಯನ್ನು ನೆನೆಯುವಾಗ ಅಂಗಗಳ ಸುದ್ದಿ ಎತ್ತುವುದಿಲ್ಲ. ಕೂಗಿದರೆ ಬರುತ್ತಿತ್ತು, ಹಿಡಿದದ್ದನ್ನು ಬಿಡುತ್ತಿರಲಿಲ್ಲ, ನನ್ನ ಕಣ್ಣು ನೋಡಿ ತಿಳಿಯುತ್ತಿತ್ತು ಎನ್ನುತ್ತಾನೆ. ಕೊಳ್ಳುವಾಗ ಕಾಣುವ ಗುಣ ಒಂದು, ಕೊನೆಯಲ್ಲಿ ಬೆಲೆ ಬಾಳುವ ಗುಣ ಇನ್ನೊಂದು. ಎರಡರ ನಡುವಿನ ಈ ಅಂತರ ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ವಿಜ್ಞಾನಕ್ಕೆ ಈಗ ಹೇಳಲು ಸಾಕಷ್ಟಿದೆ.

ಅಂಗಗಳಿಗೆ ಬೆಲೆಯೇ ಇಲ್ಲವೆಂದಲ್ಲ. ಯಾವ ಅಂಗಕ್ಕೆ ಬೆಲೆ ಎಂಬುದನ್ನು ನಿರ್ಧರಿಸುವುದು ಬೇಟೆಯ ಪ್ರಾಣಿ. ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಮೊಲ ಎದ್ದರೆ ಅದು ಕಣ್ಣಿಗೆ ಬೀಳುತ್ತದೆ, ಆದರೆ ಕೆಲವೇ ಕ್ಷಣಗಳಲ್ಲಿ ಕೈತಪ್ಪಿ ಹೋಗುತ್ತದೆ. ಅಲ್ಲಿ ಬೇಕಾದದ್ದು ನೋಟ ಮತ್ತು ಓಟ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಮೈಕಟ್ಟನ್ನು ತಿದ್ದಿದ್ದು ಈ ಅಗತ್ಯವೇ. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆಗೂಡು, ಒಳಕ್ಕೆ ಸೇದಿಕೊಂಡ ಹೊಟ್ಟೆ, ಬಿಲ್ಲಿನಂತೆ ಬಾಗುವ ಸೊಂಟ, ಮೈಗೆ ಅಂಟಿದ ತೆಳು ಕೂದಲು. ಹೊಸಬರು ಈ ನಾಯಿಯನ್ನು ನೋಡಿ ಪಾಪ, ಸರಿಯಾಗಿ ಅನ್ನ ಹಾಕಿಲ್ಲ ಎಂದು ಮರುಗುವುದುಂಟು. ಪಕ್ಕೆಲುಬು ಎಣಿಸುವಂತೆ ಕಾಣುವುದೇ ಅದರ ಆರೋಗ್ಯದ ಲಕ್ಷಣ ಎಂದು ತಿಳಿಹೇಳುವುದು ಸಾಕುವವರಿಗೆ ನಿತ್ಯದ ಕೆಲಸ.

ಇಂಥ ನಾಯಿ ಓಡುವುದನ್ನು ನಿಧಾನಗತಿಯ ಚಿತ್ರೀಕರಣದಲ್ಲಿ ನೋಡಬೇಕು. ಹಿಂಗಾಲುಗಳು ನೆಲವನ್ನು ಒದ್ದೊಡನೆ ಮೈ ಬಾಣದಂತೆ ಚಾಚಿಕೊಂಡು ನಾಲ್ಕು ಕಾಲುಗಳೂ ಗಾಳಿಯಲ್ಲಿರುತ್ತವೆ. ಮುಂಗಾಲುಗಳು ಊರಿ ಎದ್ದೊಡನೆ ಬೆನ್ನು ಕಮಾನಿನಂತೆ ಬಾಗಿ, ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದಕ್ಕೆ ಬರುವಾಗ ಮತ್ತೊಮ್ಮೆ ನಾಲ್ಕೂ ಗಾಳಿಯಲ್ಲಿರುತ್ತವೆ. ನಾಗಾಲೋಟದ ಕುದುರೆ ಒಂದು ಆವರ್ತಕ್ಕೆ ಒಮ್ಮೆ ಮಾತ್ರ ನೆಲ ಬಿಡುತ್ತದೆ, ಈ ನಾಯಿ ಎರಡು ಸಲ ಬಿಡುತ್ತದೆ. ಬೆನ್ನೆಲುಬೇ ಐದನೆಯ ಕಾಲಿನಂತೆ ದುಡಿಯುತ್ತದೆ ಎಂದರೂ ತಪ್ಪಿಲ್ಲ. ಇದೇ ಮೈಕಟ್ಟಿನ ಗ್ರೇಹೌಂಡ್ ಗಂಟೆಗೆ 60 ಕಿಲೋಮೀಟರಿಗೂ ಮೀರಿದ ವೇಗ ಮುಟ್ಟುತ್ತದೆ. ತಿರುವಿನಲ್ಲಿ ಮನುಷ್ಯ ಓಟಗಾರನ ವೇಗ ಕುಗ್ಗುತ್ತದೆ, ಗ್ರೇಹೌಂಡ್ ಮಾತ್ರ ಕಾಲುಗಳ ಮೇಲೆ ಹೆಚ್ಚುವರಿ ಭಾರ ತಾಳಿಕೊಂಡು ಅದೇ ವೇಗದಲ್ಲಿ ತಿರುಗುತ್ತದೆ ಎಂಬುದನ್ನು 2005ರಲ್ಲಿ ಬ್ರಿಟನ್ನಿನ ಸಂಶೋಧಕರು ಅಳೆದು ತೋರಿಸಿದರು. ಮೊಲ ಬದುಕುವುದು ತಿರುವಿನಿಂದಲೇ ಆದ್ದರಿಂದ, ಅನುಭವಿ ಬೇಟೆಗಾರ ನೇರ ಓಟಕ್ಕಿಂತ ತಿರುಗುವ ಚಾತುರ್ಯಕ್ಕೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿದೆ.

ನೋಟದ ಸಂಗತಿಯೂ ಮೈಕಟ್ಟಿನೊಂದಿಗೇ ಬೆಸೆದಿದೆ. ನಾಯಿಯ ಕಣ್ಣಿಗೆ ಹಳದಿ ಮತ್ತು ನೀಲಿ ಚೆನ್ನಾಗಿ ಕಾಣುತ್ತವೆ, ಕೆಂಪು–ಹಸಿರಿನ ವ್ಯತ್ಯಾಸ ತಿಳಿಯದು. ಒಣಹುಲ್ಲಿನಲ್ಲಿ ಅಲ್ಲಾಡದೆ ಕುಳಿತ ಮೊಲವನ್ನು ನಮಗಿಂತ ತಡವಾಗಿ ಕಾಣುವ ನಾಯಿ, ಅದು ಕದಲಿದ ಕೂಡಲೇ ನಮಗಿಂತ ಮೊದಲು ಹಿಡಿಯುತ್ತದೆ. ಉದ್ದ ಮೂತಿಯ ನಾಯಿಗಳಲ್ಲಿ ಅಕ್ಷಿಪಟಲದ ನರಕೋಶಗಳು ಅಡ್ಡಪಟ್ಟಿಯಂತೆ ಒತ್ತಾಗಿದ್ದರೆ, ಮೊಂಡುಮೂತಿಯವುಗಳಲ್ಲಿ ನಡುವೆ ಗುಂಪುಗೂಡಿರುತ್ತವೆ ಎಂದು 2004ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಕಂಡುಕೊಂಡರು. ದಿಗಂತದ ಉದ್ದಕ್ಕೂ ನಡೆಯುವ ಚಲನೆಯನ್ನು ಗುರುತಿಸಲು ಅಡ್ಡಪಟ್ಟಿಯೇ ಅನುಕೂಲ. ಉದ್ದ ಮೂತಿಯ ಮರಿಯನ್ನು ಆಯುತ್ತಿದ್ದವರು, ತಮಗೆ ತಿಳಿಯದೆಯೇ, ಕಣ್ಣಿನ ಒಳರಚನೆಯನ್ನೂ ಆಯುತ್ತಿದ್ದರು ಎಂದಾಯಿತು.

ಮಲೆನಾಡಿನ ಪೊದೆಗಳಲ್ಲಿ ಈ ಲೆಕ್ಕವೆಲ್ಲ ತಲೆಕೆಳಗು. ಹತ್ತು ಹೆಜ್ಜೆ ಆಚೆಗೆ ಏನೂ ಕಾಣದ ಕಡೆ ಓಟಗಾರ ನಾಯಿಯಿಂದ ಹೆಚ್ಚಿನ ಪ್ರಯೋಜನವಿಲ್ಲ, ಅಲ್ಲಿ ಬೇಕಾದದ್ದು ಮೂಗು ಮತ್ತು ಗಂಟಲು. ಜಾಡು ಹಿಡಿದ ನಾಯಿ ಸೆಕೆಂಡಿಗೆ ಐದರಷ್ಟು ಸಲ ಮೂಸುತ್ತದೆ. ಒಳಗೆ ಹೋದ ಗಾಳಿಯ ಒಂದು ಸಣ್ಣ ಪಾಲು, ಸುಮಾರು ಎಂಟರಲ್ಲಿ ಒಂದು ಭಾಗ, ಶ್ವಾಸಕೋಶದ ದಾರಿ ಬಿಟ್ಟು ಮೂಗಿನ ಹಿಂಬದಿಯ ವಾಸನಾಕೋಣೆಗೆ ಹೊರಳುತ್ತದೆ. ಹೊರಬರುವ ಉಸಿರು ಮೂಗಿನ ಪಕ್ಕದ ಸೀಳುಗಳಿಂದ ಹಿಂದಕ್ಕೆ ಹೋಗುವುದರಿಂದ ಮುಂದಿನ ವಾಸನೆ ಕದಡುವುದಿಲ್ಲ. ಮನುಷ್ಯನೊಬ್ಬ ನಡೆದುಹೋದ ದಾರಿಯಲ್ಲಿ ಬರೀ ಐದು ಹೆಜ್ಜೆಗುರುತುಗಳನ್ನು ಮೂಸಿ ಅವನು ಯಾವ ಕಡೆಗೆ ಹೋದ ಎಂದು ತೀರ್ಮಾನಿಸಬಲ್ಲ ನಾಯಿಗಳಿವೆ ಎಂದು 2005ರ ಒಂದು ಪ್ರಯೋಗ ತೋರಿಸಿತು. ಒಂದು ಹೆಜ್ಜೆಗೂ ಮುಂದಿನದಕ್ಕೂ ನಡುವೆ ವಾಸನೆಯಲ್ಲಿ ಆಗುವ ಅತ್ಯಲ್ಪ ವ್ಯತ್ಯಾಸವನ್ನು ಅವು ಹೋಲಿಸಬೇಕು, ಅಷ್ಟೇ ಸುಳಿವು ಅವುಗಳಿಗೆ ಸಿಗುವುದು. ಇನ್ನು ಗಂಟಲಿನ ಮಾತು: ಒಡೆಯನ ಕಣ್ಣಿಗೆ ಕಾಣದಲ್ಲಿ ಕೆಲಸ ಮಾಡುವ ನಾಯಿ ಬೊಗಳಿ ತಿಳಿಸದಿದ್ದರೆ ಅದರ ಮೂಗು ಎಷ್ಟೇ ಚುರುಕಾಗಿದ್ದರೂ ವ್ಯರ್ಥ.

ಹಾಗಾದರೆ ಬೇಕಾದ ಗುಣವನ್ನು ಹೆಚ್ಚಿಸುತ್ತಲೇ ಹೋಗಬಹುದೇ? ವಿಪೆಟ್ ಎಂಬ ಸಣ್ಣ ಓಟದ ತಳಿಯ ಕಥೆ ಇಲ್ಲಿ ನೆನಪಾಗುತ್ತದೆ. ಸ್ನಾಯು ಅತಿಯಾಗಿ ಬೆಳೆಯದಂತೆ ತಡೆಯುವ ಮಯೋಸ್ಟಾಟಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ಒಂದು ದೋಷವಿರುವ ವಿಪೆಟ್‌ಗಳಿವೆ ಎಂದು 2007ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ತಂದೆ ಅಥವಾ ತಾಯಿ, ಒಬ್ಬರಿಂದ ಮಾತ್ರ ಈ ದೋಷ ಬಂದ ನಾಯಿ ತುಸು ಹೆಚ್ಚು ಸ್ನಾಯು ಪಡೆದು ಪಂದ್ಯಗಳಲ್ಲಿ ಮುಂದಿರುತ್ತದೆ. ಇಬ್ಬರಿಂದಲೂ ಬಂದರೆ ಮರಿ ಕುಸ್ತಿಪಟುವಿನಂತೆ ಉಬ್ಬಿ ಓಟಕ್ಕೆ ಒದಗುವುದಿಲ್ಲ. ವೇಗದ ಗಂಡಿಗೆ ವೇಗದ ಹೆಣ್ಣನ್ನೇ ಕೂಡಿಸುತ್ತ ಹೋದ ಸಾಕುಗಾರರಿಗೆ ಆಗೊಂದು ಈಗೊಂದು ಇಂಥ ಮರಿ ಹುಟ್ಟುತ್ತಿದ್ದುದು ಆಕಸ್ಮಿಕವಾಗಿರಲಿಲ್ಲ, ಆಯ್ಕೆಯ ನೇರ ಫಲವಾಗಿತ್ತು. ಓಟದ ಮೈಗೆ ಬೇರೆ ತೆರಿಗೆಗಳೂ ಇವೆ. ಗ್ರೇಹೌಂಡಿನ ರಕ್ತದಲ್ಲಿ ಕೆಂಪುಕಣಗಳ ಪಾಲು ಇತರ ನಾಯಿಗಳಿಗಿಂತ ಹೆಚ್ಚು, ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಅರಿವಳಿಕೆ ಔಷಧಗಳಿಂದ ಅದು ಬಹಳ ತಡವಾಗಿ ಚೇತರಿಸಿಕೊಳ್ಳುತ್ತದೆ. ಮುಧೋಳ ನಾಯಿ ಸಾಕಿದವರು ಶಸ್ತ್ರಚಿಕಿತ್ಸೆಗೆ ಮೊದಲು ಇದು ಈ ಬಗೆಯ ಓಟದ ನಾಯಿ ಎಂದು ಪಶುವೈದ್ಯರಿಗೆ ನೆನಪಿಸುವುದು ಒಳ್ಳೆಯದು.

ಈಗ ಸ್ವಭಾವಕ್ಕೆ ಬರೋಣ. ನನಗೆ ಈ ವಿಷಯದಲ್ಲಿ ಅತ್ಯಂತ ಕುತೂಹಲ ಹುಟ್ಟಿಸುವ ಭಾಗ ಇದೇ. ತೋಳದ ಬೇಟೆ ಒಂದು ಸರಪಳಿ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಹರಿಯುವುದು, ತಿನ್ನುವುದು. ಮನುಷ್ಯ ಸಾವಿರಾರು ವರ್ಷಗಳಲ್ಲಿ ಈ ಸರಪಳಿಯನ್ನು ಅಲ್ಲಲ್ಲಿ ತುಂಡರಿಸಿದ್ದಾನೆ. ಪಾಯಿಂಟರ್ ಹಕ್ಕಿಯ ವಾಸನೆ ಹಿಡಿದು ಒಂದು ಕಾಲೆತ್ತಿ ಕಲ್ಲಾಗಿ ನಿಲ್ಲುತ್ತದೆ, ಮುಂದಿನ ಕೊಂಡಿ ಅದಕ್ಕೆ ಬೇಡ. ರಿಟ್ರೀವರ್ ಬಿದ್ದ ಹಕ್ಕಿಯನ್ನು ಹಲ್ಲೂರದೆ ತಂದು ಕೈಗೆ ಕೊಡುತ್ತದೆ. ಕಾಳಿಯಂಥ ನಾಯಿಯಲ್ಲಿ ಹಿಡಿಯುವ ಕೊಂಡಿ ಎಷ್ಟು ಗಟ್ಟಿಯೆಂದರೆ ತನ್ನ ಜೀವ ಹೋದರೂ ಅದು ಸಡಿಲವಾಗುವುದಿಲ್ಲ. ಆದರೆ ತಿನ್ನುವ ಕೊಂಡಿ ಮಾತ್ರ ಎಲ್ಲ ಬೇಟೆನಾಯಿಗಳಲ್ಲೂ ಒಡೆಯನಿಗೆ ಅಧೀನವಾಗಿರಬೇಕು. ಹಿಡಿದ ಮೊಲವನ್ನು ಒಡೆಯ ಬರುವವರೆಗೆ ಕಾಯದ ನಾಯಿಯನ್ನು, ಅದು ಗಾಳಿಯನ್ನೇ ಹಿಂದೆ ಹಾಕಿದರೂ, ಬೇಟೆಗಾರ ಎರಡನೆಯ ಸಲ ಕರೆದೊಯ್ಯುವುದಿಲ್ಲ. ಬೇಟೆನಾಯಿಯಲ್ಲಿ ಒಡೆಯ ಎಲ್ಲಕ್ಕಿಂತ ಹೆಚ್ಚಾಗಿ ಬಯಸುವುದು ಉತ್ಕಟ ಹಂಬಲ ಮತ್ತು ಅದನ್ನು ತಡೆಹಿಡಿಯುವ ಶಕ್ತಿ ಒಂದೇ ಮೈಯಲ್ಲಿರುವುದನ್ನು ಎಂಬುದು ನನ್ನ ಎಣಿಕೆ, ಸಿಗಲು ಅತಿ ಕಷ್ಟವಾದ ಜೋಡಿಯೂ ಅದೇ.

ತಳಿ ನೋಡಿ ಕೊಂಡರೆ ಈ ಜೋಡಿ ಸಿಕ್ಕೀತೇ? ಅಮೆರಿಕದ ಸಂಶೋಧಕರು 18,000ಕ್ಕೂ ಹೆಚ್ಚು ಸಾಕುನಾಯಿಗಳ ನಡವಳಿಕೆಯ ಬಗ್ಗೆ ಒಡೆಯರಿಂದ ಮಾಹಿತಿ ಪಡೆದು, ಅವುಗಳಲ್ಲಿ 2,000ಕ್ಕೂ ಹೆಚ್ಚು ನಾಯಿಗಳ ಡಿಎನ್ಎ ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ನಾಯಿ ನಾಯಿಯ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಮಾತು ಕೇಳುವ ಗುಣಕ್ಕೆ ತಳಿಯ ನಂಟು ಉಳಿದ ಗುಣಗಳಿಗಿಂತ ತುಸು ಹೆಚ್ಚು. ಈ ಅಧ್ಯಯನ ಮನೆಯಲ್ಲಿ ಸಾಕಿದ ನಾಯಿಗಳದ್ದು, ಬೇಟೆಗೆಂದೇ ಪೀಳಿಗೆಯಿಂದ ಪೀಳಿಗೆಗೆ ಪರೀಕ್ಷಿಸಿ ಬೆಳೆಸಿದ ವಂಶಗಳಿಗೆ ಹಾಗೆಯೇ ಅನ್ವಯಿಸುವುದು ಸರಿಯಲ್ಲ. ಆದರೂ ತಳಿಯ ಹೆಸರೊಂದನ್ನೇ ನಂಬಿ ಹಣ ಕೊಡುವವನಿಗೆ ಅದರಲ್ಲಿ ಎಚ್ಚರಿಕೆಯಿದೆ.

ಮರಿಯನ್ನು ಪರೀಕ್ಷಿಸುವ ಊರ ಪದ್ಧತಿಗಳು ನೂರಾರು. ಕತ್ತಿನ ಚರ್ಮ ಹಿಡಿದೆತ್ತಿದಾಗ ಕುಂಯ್ಗುಡದ ಮರಿ ಗಟ್ಟಿ ಎನ್ನುತ್ತಾರೆ, ತಾಯಿ ಮೊದಲು ಕಚ್ಚಿ ಗೂಡಿಗೆ ತಂದದ್ದೇ ಶ್ರೇಷ್ಠ ಎನ್ನುತ್ತಾರೆ. ನಗಬೇಕಾಗಿಲ್ಲ, ವಿಜ್ಞಾನಿಗಳ ಪರೀಕ್ಷೆಗಳೂ ಇದಕ್ಕಿಂತ ಬಹಳ ಮುಂದೆ ಹೋಗಿಲ್ಲ. ಎಂಟು ವಾರದ ಮರಿಗಳನ್ನು ವಿಧವಿಧವಾಗಿ ಪರೀಕ್ಷಿಸಿ, ಅವೇ ದೊಡ್ಡವಾದಾಗ ಮತ್ತೆ ನೋಡಿದ ಸ್ವೀಡನ್ನಿನ ಸಂಶೋಧಕರಿಗೆ ಮರಿಯ ಫಲಿತಾಂಶದಿಂದ ಬೆಳೆದ ನಾಯಿಯ ಯೋಗ್ಯತೆಯನ್ನು ಊಹಿಸಲಾಗಲಿಲ್ಲ. ನಿಕರಾಗುವಾದ ಕಾಡಂಚಿನ ಮಯಾಂಗ್ನಾ ಮತ್ತು ಮಿಸ್ಕಿಟೊ ಜನರ ಬೇಟೆನಾಯಿಗಳನ್ನು ಒಂದು ವರ್ಷ ಕಾಲ ಗಮನಿಸಿ, ಯಾವ ನಾಯಿಯಿಂದ ಎಷ್ಟು ಮಾಂಸ ಮನೆಗೆ ಬಂತು ಎಂದು ಲೆಕ್ಕ ಹಾಕಿದಾಗ, ಹೆಚ್ಚು ಗಳಿಸಿಕೊಟ್ಟವು ವಯಸ್ಸಾದ ನಾಯಿಗಳು ಮತ್ತು ಗಂಡುನಾಯಿಗಳು. ಬೇಟೆನಾಯಿ ಅರ್ಧ ಹುಟ್ಟಿ ಬರುತ್ತದೆ, ಉಳಿದರ್ಧ ಕಾಡಿನಲ್ಲಿ ಕಲಿಯುತ್ತದೆ. ಮೊದಲ ಒಂದೆರಡು ವರ್ಷ ಬದುಕುಳಿದು ಕಲಿಯುವುದೇ ಅದಕ್ಕೆ ದೊಡ್ಡ ಪರೀಕ್ಷೆ. ಮಣಲೆರ ಈ ದೃಷ್ಟಿಯಿಂದ ಜಾಣ: ಅವನು ಮರಿ ಕೇಳಲಿಲ್ಲ, ಹೆಸರು ಪಡೆದ ನಾಯಿಯನ್ನೇ ಕೇಳಿದ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಮೊಲದ ಬೇಟೆಯೂ ಅಪರಾಧ, ನಾಯಿ ಬಿಟ್ಟು ಹಿಡಿಸಿದರೂ ಅದು ಬೇಟೆಯೇ. ಹಾಗಿರಬೇಕಾದದ್ದೂ ಸರಿ. ಆದರೆ ಇದರಿಂದ ಮುಧೋಳ ನಾಯಿಯ ಸಾಕುಗಾರರ ಮುಂದೆ ಹೊಸದೊಂದು ತೊಡಕು ಬಂದಿದೆ. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಗೆ ಆಸರೆಯಾಗಿ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಮರಿಗಳನ್ನು ಕಾಣಿಕೆ ಕೊಟ್ಟ ಕಾಲದಲ್ಲಿ ಯಾವ ನಾಯಿಯಿಂದ ಮರಿ ಪಡೆಯಬೇಕೆಂಬುದನ್ನು ಬಯಲಿನ ಮೊಲವೇ ತೀರ್ಮಾನಿಸುತ್ತಿತ್ತು. ಇಂದು ಆ ಪರೀಕ್ಷಕ ಇಲ್ಲ. ತಿಮ್ಮಾಪುರದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ತಳಿಯನ್ನು ಕಾಯುತ್ತಿದೆ, 2005ರಲ್ಲಿ ಅಂಚೆಚೀಟಿಯ ಮೇಲೂ ಈ ನಾಯಿ ಬಂತು, ಸೇನೆಯೂ ಮರಿಗಳನ್ನು ಒಯ್ದು ತರಬೇತಿ ಕೊಟ್ಟಿತು. ಆದರೆ ಪಟ್ಟಣದಿಂದ ಬಂದು ಮರಿ ಕೊಳ್ಳುವವರು ಕೇಳುವುದು ಎತ್ತರ ಎಷ್ಟು, ಬಣ್ಣ ಯಾವುದು, ತೋಟ ಕಾಯುತ್ತದೆಯೇ ಎಂದು. ಪರೀಕ್ಷೆಗೆ ಒಳಗಾಗದ ಗುಣ ಕೆಲವೇ ಪೀಳಿಗೆಗಳಲ್ಲಿ ಸಡಿಲವಾಗುತ್ತದೆ ಎಂಬುದು ಎಲ್ಲ ಸಾಕುಪ್ರಾಣಿಗಳ ವಿಷಯದಲ್ಲೂ ಕಂಡ ಸಂಗತಿ. ಹೊರದೇಶಗಳಲ್ಲಿ ಇದಕ್ಕೆ ಒಂದು ಉಪಾಯ ಹುಡುಕಿದ್ದಾರೆ. ಯಂತ್ರದ ದಾರಕ್ಕೆ ಕಟ್ಟಿದ ಬಟ್ಟೆಯನ್ನೋ ಪ್ಲಾಸ್ಟಿಕ್ ಚೀಲವನ್ನೋ ಬಯಲಿನಲ್ಲಿ ಮೊಲದಂತೆ ಅಡ್ಡಾದಿಡ್ಡಿ ಎಳೆದು, ಅಟ್ಟುವ ನಾಯಿಗಳ ವೇಗ, ತಿರುವು, ಪಟ್ಟುಗಳಿಗೆ ಅಂಕ ಕೊಡುತ್ತಾರೆ. ಯಾವ ಪ್ರಾಣಿಯೂ ಸಾಯುವುದಿಲ್ಲ. ಮುಧೋಳದ ಎರೆಹೊಲಗಳಲ್ಲಿ ಸುಗ್ಗಿ ಮುಗಿದ ಮೇಲೆ ಅಂಥ ಬಯಲಿಗೆ ಬರವಿಲ್ಲ. ಮರಿ ಕೊಳ್ಳಲು ಬಂದವನು ಮರಿಯ ಕಿವಿ ಹಿಡಿದು ನೋಡುವುದಕ್ಕೆ ಮೊದಲು ಅದರ ತಾಯಿಯನ್ನು ಅಲ್ಲಿ ಒಮ್ಮೆ ಓಡಿಸಿ, ನಡುದಾರಿಯಲ್ಲಿ ಕೂಗಿ, ಅದು ಹಿಂದಿರುಗಿ ನೋಡುತ್ತದೆಯೇ ಎಂದು ಗಮನಿಸಬಹುದು.