ಹಳೆಯ ಕೋಡ್ ಕೆಡದಂತೆ ಹೊಸ ಆವೃತ್ತಿ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ 3.9 ಆವೃತ್ತಿ ಆದ ಮೇಲೆ ಬಂದದ್ದು 3.10. ಶಾಲೆಯ ಲೆಕ್ಕದಲ್ಲಿ 3.10 ಅಂದರೆ 3.1 ಅಲ್ವಾ? ಇಲ್ಲಿ ಆ ಚುಕ್ಕೆ ದಶಮಾಂಶದ್ದಲ್ಲ. ಮೂರನೆಯ ಸಾಲಿನ ಹತ್ತನೆಯ ಆವೃತ್ತಿ ಅಂತ ಓದಬೇಕು. ಮನುಷ್ಯರಿಗೆ ಹೇಳಿದರೆ ತಿಳಿಯುತ್ತದೆ, ಯಂತ್ರಕ್ಕೆ ತಿಳಿಯಬೇಕಲ್ಲ! 2021ರಲ್ಲಿ 3.10 ಬಂದಾಗ, ಕೋಡನ್ನು ತಾನಾಗಿ ಪರೀಕ್ಷಿಸುವ ಸರ್ವರ್‌ಗಳಿಗೆ ಸೂಚನೆ ಕೊಡುವ ಯಾಮಲ್ ಫೈಲುಗಳಲ್ಲಿ ಎಷ್ಟೋ ಜನ ಈ ಸಂಖ್ಯೆಯನ್ನು ಕೋಟ್ ಗುರುತು ಹಾಕದೆ ಬರೆದರು. ಯಾಮಲ್ ಅದನ್ನು ದಶಮಾಂಶ ಎಂದುಕೊಂಡು ಕೊನೆಯ ಸೊನ್ನೆ ಕಿತ್ತುಹಾಕಿತು. ಹೊಚ್ಚ ಹೊಸ ಆವೃತ್ತಿ ಕೇಳಿದವರಿಗಾಗಿ ಸರ್ವರ್ 2009ರ 3.1 ಹುಡುಕಲು ಹೊರಟಿತು.

ಬರೀ ಒಂದು ಸಂಖ್ಯೆ ಎರಡಂಕಿಗೆ ದಾಟಿದ್ದಕ್ಕೆ ಇಷ್ಟು ರಗಳೆ. ಪ್ರೋಗ್ರಾಮಿಂಗ್ ಭಾಷೆ ನೋಡಿಕೊಳ್ಳುವವರು ದಿನವಿಡೀ ಹೊಸ ಸೌಲಭ್ಯ ಸೇರಿಸುತ್ತಾ ಕೂತಿರುತ್ತಾರೆ ಅಂತ ಹೊರಗಿನಿಂದ ಕಾಣುತ್ತದೆ. ನನ್ನ ಪ್ರಕಾರ ಅದು ಅವರ ಕೆಲಸದ ಚಿಕ್ಕ ಪಾಲು. ಜಾಸ್ತಿ ತಲೆ ಖರ್ಚಾಗುವುದು ಈಗಾಗಲೇ ಓಡುತ್ತಿರುವ ಕೋಡನ್ನು ಕೆಡಿಸದೆ ಇರುವುದಕ್ಕೆ. ಆ ಕೋಡ್ ಎಲ್ಲಿದೆ, ಯಾರು ಬರೆದದ್ದು ಎನ್ನುವುದೂ ಅವರಿಗೆ ಪೂರ್ತಿ ಗೊತ್ತಿರುವುದಿಲ್ಲ. ಇಂಥ ಭಾಷೆ ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ಮುಕ್ತ; ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಯಾರನ್ನೂ ಕೇಳಬೇಕಾಗಿಲ್ಲ.

ಹಾಗಾದರೆ ಏನು ಸೇರಬೇಕು, ಏನು ಬೇಡ ಅಂತ ಹೇಳುವವರು ಯಾರು? ಪೈಥಾನ್‌ನಲ್ಲಿ ಬಹಳ ಕಾಲ ಅದು ಒಬ್ಬರೇ, 1991ರಲ್ಲಿ ಭಾಷೆಯನ್ನು ಹೊರತಂದ ಗೀಡೋ ವಾನ್ ರಾಸಮ್. ಬದಲಾವಣೆ ಬೇಕೆಂದವರು ಪೆಪ್ ಎಂಬ ಪ್ರಸ್ತಾವ ಬರೆಯಬೇಕು, ಅದರ ಮೇಲೆ ಚರ್ಚೆ ನಡೆಯಬೇಕು, ಕೊನೆಯ ಮಾತು ಗೀಡೋ ಅವರದು. 2018ರಲ್ಲಿ := ಎಂಬ ಪುಟ್ಟ ಚಿಹ್ನೆಯೊಂದು ಬೇಕೇ ಬೇಡವೇ ಎಂದು ಜಗಳ ಎಷ್ಟು ಬೆಳೆಯಿತೆಂದರೆ, ಗೀಡೋ ಪ್ರಸ್ತಾವವನ್ನು ಒಪ್ಪಿ, ಆ ಜುಲೈನಲ್ಲೇ ಮುಖ್ಯಸ್ಥನ ಸ್ಥಾನ ಬಿಟ್ಟುಕೊಟ್ಟರು. ಈಗ ಆ ಜಾಗದಲ್ಲಿ ಐದು ಜನರ ಸಮಿತಿ ಇದೆ. ಭಾಷೆಯ ಮೇಲೆ ಕೆಲಸ ಮಾಡುವ ಮುಖ್ಯ ಡೆವಲಪರ್‌ಗಳೇ ಓಟು ಹಾಕಿ ಆರಿಸುತ್ತಾರೆ. ಒಂದೇ ಕಂಪನಿಯ ನೌಕರರು ಇಬ್ಬರಿಗಿಂತ ಜಾಸ್ತಿ ಇರುವಂತಿಲ್ಲ. ಈ ನಿಯಮ ನನಗೆ ತುಂಬಾ ಇಷ್ಟ. ಭಾಷೆ ಯಾವುದೋ ಒಂದು ಕಂಪನಿಯ ಜೇಬಿಗೆ ಬೀಳದಿರಲಿ ಎಂಬ ಎಚ್ಚರ ಅದರಲ್ಲಿದೆ.

ಬಿಡುಗಡೆಗೂ ಒಂದು ಕ್ಯಾಲೆಂಡರ್ ಇದೆ. ವರ್ಷಕ್ಕೊಂದು ಹೊಸ ಪೈಥಾನ್, ಅಕ್ಟೋಬರ್‌ನಲ್ಲಿ. ಮೇ ತಿಂಗಳ ಹೊತ್ತಿಗೆ ಮೊದಲ ಬೀಟಾ, ಅಂದರೆ ಪರೀಕ್ಷಿಸಿ ನೋಡಲೆಂದು ಕೊಡುವ ಆವೃತ್ತಿ, ಬರುತ್ತದೆ. ಅಲ್ಲಿಂದ ಮುಂದೆ ಹೊಸ ಸೌಲಭ್ಯಕ್ಕೆ ಬಾಗಿಲು ಬಂದ್, ಏನಿದ್ದರೂ ಬಗ್ ತೆಗೆಯುವುದಷ್ಟೇ. ಇದನ್ನು ಕಾಯಲು ರಿಲೀಸ್ ಮ್ಯಾನೇಜರ್ ಒಬ್ಬರಿರುತ್ತಾರೆ. ಸಾಮಾನ್ಯವಾಗಿ ಒಬ್ಬರಿಗೆ ಎರಡು ಆವೃತ್ತಿಗಳ ಜವಾಬ್ದಾರಿ. "ಚಿಕ್ಕ ಬದಲಾವಣೆ, ಇದೊಂದು ಸೇರಿಸಿಬಿಡಿ" ಎಂದು ಕೊನೇ ಗಳಿಗೆಯಲ್ಲಿ ಬರುವವರಿಗೆ ಇಲ್ಲ ಎನ್ನುವುದು ಅವರ ಪಾಲಿಗೆ ಬಂದ ಕೆಲಸ. ಒಂದೊಂದು ಆವೃತ್ತಿಗೂ ಐದು ವರ್ಷದ ಆಯುಷ್ಯ. 3.13ರಿಂದೀಚೆಗೆ ಮೊದಲ ಎರಡು ವರ್ಷ ಎಲ್ಲ ಬಗ್‌ಗಳಿಗೂ ಮದ್ದು ಸಿಗುತ್ತದೆ. ಆಮೇಲಿನ ಮೂರು ವರ್ಷ ಸುರಕ್ಷತೆಯ ದೋಷಗಳಿಗೆ ಮಾತ್ರ, ಅದೂ ಬರೀ ಸೋರ್ಸ್ ಕೋಡ್ ರೂಪದಲ್ಲಿ. ಕ್ಲಿಕ್ ಮಾಡಿ ಹಾಕಿಕೊಳ್ಳುವ ಇನ್‌ಸ್ಟಾಲರ್ ಸಿಗುವುದಿಲ್ಲ.

ರಸ್ಟ್ ಭಾಷೆಯವರ ಲೆಕ್ಕವೇ ಬೇರೆ. ಆರು ವಾರಕ್ಕೊಂದು ಬಿಡುಗಡೆ. ಅವರೇ ಇದನ್ನು ರೈಲಿಗೆ ಹೋಲಿಸುತ್ತಾರೆ: ಸೌಲಭ್ಯ ಸಿದ್ಧವಾಗಿಲ್ಲವೇ, ಮುಂದಿನ ಗಾಡಿ ಹತ್ತಲಿ. ಅವಸರ ಪಟ್ಟು ಅರೆಬೆಂದದ್ದನ್ನು ತುರುಕುವ ಆಸೆಯೇ ಇದರಿಂದ ಕಡಿಮೆಯಾಗುತ್ತದೆ. ಅವರ ಬಳಿ ಕ್ರೇಟರ್ ಎಂಬ ಸಲಕರಣೆಯೂ ಇದೆ. ಏನಾದರೂ ಕೆಡಬಹುದು ಎಂಬ ಅನುಮಾನ ಬಂದರೆ, ಜನ ಸಾರ್ವಜನಿಕವಾಗಿ ಇಟ್ಟಿರುವ ರಸ್ಟ್ ಪ್ಯಾಕೇಜುಗಳನ್ನೆಲ್ಲ, ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಹಳೆಯ ಕಂಪೈಲರ್‌ನಲ್ಲಿ ಒಮ್ಮೆ, ಹೊಸದರಲ್ಲಿ ಒಮ್ಮೆ ಓಡಿಸಿ ನೋಡುತ್ತದೆ. ಹಳೆಯದರಲ್ಲಿ ಸರಿಯಿದ್ದು ಹೊಸದರಲ್ಲಿ ಬಿದ್ದದ್ದು ಯಾವುದು ಎಂಬ ಪಟ್ಟಿ ಕೈಗೆ ಬರುತ್ತದೆ. ಬೇರೆಯವರ ಕೋಡನ್ನೇ ತಮ್ಮ ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಿಕೊಂಡುಬಿಟ್ಟರು! ಖಾಸಗಿ ಕೋಡ್ ಮಾತ್ರ ಕ್ರೇಟರ್ ಕಣ್ಣಿಗೆ ಬೀಳುವುದಿಲ್ಲ.

ಇನ್ನು 'ಅಸಿಂಕ್' ಎಂಬ ಒಂದೇ ಪದ ಎರಡು ಭಾಷೆಗಳಲ್ಲಿ ಪಟ್ಟ ಪಾಡು ನೋಡಿ. ನೆಟ್‌ವರ್ಕಿನಿಂದ ಉತ್ತರ ಬರುವ ತನಕ ಸುಮ್ನೆ ಕೂರದೆ ಬೇರೆ ಕೆಲಸ ಮುಂದುವರಿಸಲಿ ಎಂದು ಪ್ರೋಗ್ರಾಮಿಗೆ ಹೇಳಲು ಈ ಪದ ಬೇಕಿತ್ತು. 2018ರ ಜೂನ್‌ನಲ್ಲಿ ಬಂದ ಪೈಥಾನ್ 3.7 ಅದನ್ನು ಭಾಷೆಯ ಸ್ವಂತ ಪದ ಎಂದು ಘೋಷಿಸಿತು. ಅಲ್ಲಿಂದಾಚೆ ಯಾರೂ ಅದನ್ನು ತಮ್ಮ ಫಂಕ್ಷನ್‌ಗೋ ವೇರಿಯೇಬಲ್‌ಗೋ ಹೆಸರಾಗಿ ಇಡುವಂತಿಲ್ಲ. ಎಚ್ಚರಿಕೆಯನ್ನು ಮೊದಲೇ ಕೊಟ್ಟಿದ್ದರು, ನಿಜ. ಆದರೂ ಆ ಹೆಸರು ಬಳಸಿದ್ದ ಲೈಬ್ರರಿಗಳು (ಬೇರೆಯವರೂ ಬಳಸಲೆಂದು ಬರೆದಿಟ್ಟ ಸಿದ್ಧ ಕೋಡ್) 3.7ರಲ್ಲಿ ಬಿದ್ದವು. ತಮಾಷೆ ಅಂದರೆ, ಪೈಥಾನ್‌ನ ಸ್ವಂತ ಲೈಬ್ರರಿಯಲ್ಲೇ ಆ ಹೆಸರಿನ ಫಂಕ್ಷನ್ ಒಂದಿತ್ತು. ಅದರ ಹೆಸರನ್ನೂ ಮುಂಚೆಯೇ ಬದಲಿಸಬೇಕಾಯಿತು.

ಅದೇ ವರ್ಷ ಡಿಸೆಂಬರ್‌ನಲ್ಲಿ ರಸ್ಟ್‌ ಕೂಡ ಅದೇ ಪದವನ್ನು ತನಗೆಂದು ಕಾಯ್ದಿರಿಸಿತು, ಆದರೆ ಎಡಿಷನ್ ಎಂಬ ಉಪಾಯದ ಮೂಲಕ. ಪ್ರತಿ ಪ್ಯಾಕೇಜೂ ತಾನು ಯಾವ ಎಡಿಷನ್ನಿನ ಪ್ರಕಾರ ಬರೆದದ್ದು ಎಂದು ಹೇಳಿಕೊಳ್ಳುತ್ತದೆ. 2015 ಎಂದು ಹೇಳಿಕೊಂಡಿದ್ದರೆ ಅಲ್ಲಿ ಅಸಿಂಕ್ ಬರೀ ಒಂದು ಹೆಸರು. 2018 ಎಂದಿದ್ದರೆ ಅದು ಭಾಷೆಯ ಪದ. ಕಂಪೈಲರ್ ಒಂದೇ, ಎರಡೂ ಬಗೆಯ ಪ್ಯಾಕೇಜುಗಳನ್ನು ಒಂದೇ ಪ್ರೋಗ್ರಾಮಿನಲ್ಲಿ ಸೇರಿಸುತ್ತದೆ. ಹಳೆಯ ಕೋಡ್ ಬರೆದವರು ಕೈ ಹಚ್ಚಬೇಕಾಗಿಯೇ ಇಲ್ಲ. ಇದಕ್ಕೆ ಬೆಲೆ ತೆರುವವರು ಕಂಪೈಲರ್ ನೋಡಿಕೊಳ್ಳುವವರು: ಹಳೆಯ ಎಡಿಷನ್‌ಗಳ ನಿಯಮಗಳನ್ನೆಲ್ಲ ಅವರು ಹೊತ್ತುಕೊಂಡೇ ಸಾಗಬೇಕು.

ಕೆಲವೊಮ್ಮೆ ಭಾಷೆ ಕೊಡದ ಮಾತಿಗೂ ಜನ ಜೋತುಬೀಳುತ್ತಾರೆ. ಗೋ ಭಾಷೆಯಲ್ಲಿ ಮ್ಯಾಪ್ ಎಂಬ ಕೋಷ್ಟಕದೊಳಗಿನ ವಸ್ತುಗಳು ಇಂಥದ್ದೇ ಕ್ರಮದಲ್ಲಿ ಸಿಗುತ್ತವೆ ಎಂಬ ಭರವಸೆ ಇಲ್ಲ. ಆದರೆ ಸತತವಾಗಿ ಒಂದೇ ಕ್ರಮದಲ್ಲಿ ಸಿಕ್ಕಿದರೆ ಯಾರೋ ಅದನ್ನೇ ನಂಬಿ ಕೋಡ್ ಬರೆದುಬಿಡುತ್ತಾರೆ. ಅದಕ್ಕೇ ಗೋ ತಂಡ ಬೇಕೆಂದೇ ಆ ಕ್ರಮವನ್ನು ಪ್ರತಿ ಸಲ ಕಲಸಿಹಾಕುತ್ತದೆ. ಪೈಥಾನ್‌ನ ಡಿಕ್ಷನರಿ ಎಂಬ ಇಂಥದ್ದೇ ಕೋಷ್ಟಕದಲ್ಲಿ ಆದದ್ದು ಉಲ್ಟಾ. 3.6ರಲ್ಲಿ ಒಳಗಿನ ರಚನೆ ಬದಲಾಗಿ, ಸೇರಿಸಿದ ಕ್ರಮವೇ ಆಕಸ್ಮಿಕವಾಗಿ ಉಳಿಯತೊಡಗಿತು. 3.7ರಲ್ಲಿ ಅದನ್ನೇ ಅಧಿಕೃತ ನಿಯಮ ಮಾಡಿದರು.

ಇಷ್ಟೆಲ್ಲ ಕಾಪಾಡಿಕೊಂಡು ಬಂದರೂ ಮಾತು ಮುರಿಯಲೇಬೇಕಾದ ದಿನ ಬರುತ್ತದೆ. ಸಾವಿರಾರು ಅಂಕಿಗಳಿರುವ ಸಂಖ್ಯೆಯನ್ನು ಪಠ್ಯರೂಪದಲ್ಲಿ ಕೊಟ್ಟರೂ ಪೈಥಾನ್ ಅದನ್ನು ಪೂರ್ಣಾಂಕವಾಗಿ ಬದಲಿಸುತ್ತಿತ್ತು. ಆದರೆ ಆ ಬದಲಾವಣೆಗೆ ಹಿಡಿಯುವ ಸಮಯ ಅಂಕಿಗಳ ಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರುತ್ತದೆ: ಅಂಕಿ ಹತ್ತು ಪಟ್ಟಾದರೆ ಸಮಯ ನೂರು ಪಟ್ಟು. ಯಾರಾದರೂ ಕಿಡಿಗೇಡಿ ವೆಬ್ ಸರ್ವರಿಗೆ ಲಕ್ಷಾಂತರ ಅಂಕಿಗಳ ಒಂದು ಸಂಖ್ಯೆ ಕಳಿಸಿದರೆ ಸಾಕು, ಅದು ಲೆಕ್ಕ ಹಾಕುತ್ತಾ ಕೂರುತ್ತದೆ, ಬೇರೆಯವರ ಕೆಲಸ ನಿಲ್ಲುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಇದಕ್ಕೆ 4300 ಅಂಕಿಗಳ ಮಿತಿ ಹಾಕಿದರು. ಮಿತಿ ಮೀರಿದರೆ ಎರರ್. ಅದೂ ಹೊಸ ಆವೃತ್ತಿಗೆ ಕಾಯದೆ, ಆಗ ಬೆಂಬಲದಲ್ಲಿದ್ದ ಹಳೆಯ ಆವೃತ್ತಿಗಳಿಗೂ ಒಟ್ಟಿಗೇ. ದೊಡ್ಡ ಸಂಖ್ಯೆಗಳ ಗಣಿತ ಮಾಡುವವರು ಸಿಟ್ಟಾದರು. ಅವರ ಕೋಡಿನಲ್ಲಿ ಏನೂ ತಪ್ಪಿರಲಿಲ್ಲ, ಒಂದು ಚಿಕ್ಕ ಅಪ್‌ಡೇಟ್ ಹಾಕಿಕೊಂಡರೆ ನಿಂತುಹೋಗುತ್ತಿತ್ತು. ಮಿತಿಯನ್ನು ಏರಿಸಲು, ತೆಗೆಯಲು ಸೆಟ್ಟಿಂಗ್ ಇದೆ. ಆದರೂ ಅವರ ಸಿಟ್ಟು ನ್ಯಾಯವಾದದ್ದೇ ಎಂದು ನನಗನಿಸುತ್ತದೆ. ಸುರಕ್ಷತಾ ತಂಡದ ಜಾಗದಲ್ಲಿದ್ದರೆ ಬೇರೇನು ಮಾಡಬಹುದಿತ್ತು ಎಂದು ಕೇಳಿದರೆ ಮಾತ್ರ ನನ್ನ ಬಳಿ ಉತ್ತರವಿಲ್ಲ.

ಬೇಕೆಂದೇ ಹಳೆಯದನ್ನು ದೊಡ್ಡ ಮಟ್ಟದಲ್ಲಿ ಮುರಿದದ್ದು ಪೈಥಾನ್ 3. ಅದು 2008ರ ಡಿಸೆಂಬರ್‌ನಲ್ಲಿ ಬಂತು. ಪಠ್ಯವನ್ನು ನೋಡುವ ರೀತಿ, ಭಾಗಾಕಾರದ ಉತ್ತರ, ಪ್ರಿಂಟ್ ಬರೆಯುವ ಬಗೆ ಎಲ್ಲ ಬದಲಾಯಿತು. ಲೈಬ್ರರಿ ಬದಲಾಗಲಿ ಎಂದು ಪ್ರೋಗ್ರಾಮರ್‌ಗಳು, ಪ್ರೋಗ್ರಾಮರ್‌ಗಳು ಬರಲಿ ಎಂದು ಲೈಬ್ರರಿಯವರು ಕಾದರು. 2.7ರ ಬೆಂಬಲವನ್ನು 2015ಕ್ಕೆ ನಿಲ್ಲಿಸುವ ಯೋಜನೆ 2020ಕ್ಕೆ ಮುಂದೆ ಹೋಯಿತು. ಆ ವರ್ಷ ಏಪ್ರಿಲ್‌ನಲ್ಲಿ ಬಂದ 2.7.18 ಆ ಸಾಲಿನ ಕೊನೆಯದು. ಆದರೆ ಕೋಡ್ ಮುಕ್ತವಾಗಿದೆಯಲ್ಲ, ಬೇಕಾದವರು ತಾವೇ ಇಟ್ಟುಕೊಂಡರು. ರೆಡ್ ಹ್ಯಾಟ್ ತನ್ನ ಗ್ರಾಹಕರಿಗಾಗಿ 2.7ಕ್ಕೆ ಇನ್ನೂ ಕೆಲವು ವರ್ಷ ಪ್ಯಾಚ್ ಹಾಕಿತು. ಪೈಥಾನ್ ಕೋಡನ್ನು ವೇಗವಾಗಿ ಓಡಿಸುವ ಪೈಪೈ ಎಂಬ ಯೋಜನೆಯಂತೂ 2.7 ಅನ್ನು ಬಿಡುವ ಹಾಗೇ ಇಲ್ಲ, ಏಕೆಂದರೆ ಪೈಪೈಯನ್ನು ಕಟ್ಟುವ ಸಲಕರಣೆಗಳೇ ಪೈಥಾನ್ 2ರಲ್ಲಿವೆ.